ಒಂದೇ ಬರಹ ನಾಲ್ಕು ವೇದಿಕೆಗಳಲ್ಲಿದ್ದರೆ ಮೂಲ ಪ್ರತಿ ಯಾವುದು?

ಅರ್ಧವಿರಾಮ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ಸ್ವಂತ ಬ್ಲಾಗೊಂದರಲ್ಲಿ ಪ್ರಬಂಧಗಳನ್ನೂ ಅಪರೂಪಕ್ಕೆ ಸಣ್ಣಕತೆಗಳನ್ನೂ ಬರೆಯುತ್ತಿದ್ದೇನೆ. ಆರಂಭದ ದಿನಗಳಲ್ಲಿ ಓದುಗರು ನೇರವಾಗಿ ಬ್ಲಾಗಿಗೇ ಬರುತ್ತಿದ್ದರು. ಈಗ ಅವರು ಎಲ್ಲಿರುತ್ತಾರೋ ಅಲ್ಲಿಗೆ ಬರಹವೇ ಹೋಗಬೇಕಾಗಿದೆ. ಆದ್ದರಿಂದ ಒಂದೂವರೆ ವರ್ಷದಿಂದ ಪ್ರತಿಯೊಂದು ಬರಹವನ್ನೂ ಬ್ಲಾಗಿನಲ್ಲಿ ಪ್ರಕಟಿಸಿದ ಅರ್ಧ ಗಂಟೆಯೊಳಗೆ ಇನ್ನೂ ಮೂರು ಕಡೆ ಇಡಿಯಾಗಿ ನಕಲಿಸಿ ಅಂಟಿಸುವುದನ್ನು ರೂಢಿ ಮಾಡಿಕೊಂಡೆ. ಓದಿದವರ ಸಂಖ್ಯೆ ಹೆಚ್ಚಿದ್ದು ನಿಜ, ಆದರೆ ಅದರ ಬೆನ್ನಿಗೇ ಬಂದ ತೊಡಕುಗಳು ಈಗ ತಲೆನೋವಾಗಿವೆ.

ಮೊದಲನೆಯದು ತಿದ್ದುಪಡಿಯದು. ಒಂದು ಪ್ರಬಂಧದಲ್ಲಿ ಇಸವಿಯೊಂದನ್ನು ತಪ್ಪಾಗಿ ಬರೆದಿದ್ದೆ. ಓದುಗರೊಬ್ಬರು ಬ್ಲಾಗಿನ ಕಾಮೆಂಟಿನಲ್ಲಿ ಅದನ್ನು ತೋರಿಸಿಕೊಟ್ಟರು, ನಾನು ಅಂದೇ ಸರಿಪಡಿಸಿದೆ. ಮೂರು ತಿಂಗಳ ನಂತರ ಇನ್ನೊಬ್ಬರು ತಮ್ಮ ಲೇಖನದಲ್ಲಿ ನನ್ನನ್ನು ಉಲ್ಲೇಖಿಸಿದಾಗ ಅದೇ ತಪ್ಪು ಇಸವಿ ನನ್ನ ಹೆಸರಿನೊಂದಿಗೆ ಅಲ್ಲಿ ಕುಳಿತಿತ್ತು, ಏಕೆಂದರೆ ಅವರು ಓದಿದ್ದು ಬೇರೆ ವೇದಿಕೆಯ ಪ್ರತಿಯನ್ನು.

ಎರಡನೆಯದು ಹುಡುಕಾಟದ್ದು. ನನ್ನದೇ ಬರಹದ ಶೀರ್ಷಿಕೆಯನ್ನು ಗೂಗಲ್‌ನಲ್ಲಿ ಹುಡುಕಿದರೆ ವೇದಿಕೆಯ ಪ್ರತಿ ಮೇಲೆ ಬರುತ್ತದೆ, ನನ್ನ ಬ್ಲಾಗಿನ ಪುಟ ಕಾಣಿಸುವುದೇ ಇಲ್ಲ. ಒಂದೇ ಪಠ್ಯವನ್ನು ಹಲವು ಕಡೆ ಹಾಕಿದರೆ ಗೂಗಲ್ ದಂಡಿಸುತ್ತದೆ ಎಂದು ಯಾರೋ ಹೇಳಿದ್ದರು, ಅದು ನಿಜವೇ?

ಮೂರನೆಯದು ತೀರಾ ಇತ್ತೀಚಿನದು. ಆಯ್ದ 31 ಪ್ರಬಂಧಗಳನ್ನು ಪುಸ್ತಕವಾಗಿ ತರುವ ಮಾತು ನಡೆದಿದ್ದು, ಇವು ಮೊದಲು ಎಲ್ಲೆಲ್ಲಿ ಪ್ರಕಟವಾಗಿವೆ ಎಂಬುದನ್ನು ಬರೆದು ಕೊಡಿ ಎಂದು ಸಂಪಾದಕರು ಕೇಳಿದ್ದಾರೆ. ನನ್ನಲ್ಲಿ ಆ ಪಟ್ಟಿಯೇ ಇಲ್ಲ. ಹಲವು ಕಡೆ ಹಂಚುವುದನ್ನು ನಿಲ್ಲಿಸುವ ಮನಸ್ಸು ನನಗಿಲ್ಲ. ಅದನ್ನು ಕ್ರಮವಾಗಿ ಮಾಡುವುದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ.

ಹಳೆಯ ಕಡತ

ಅರ್ಧವಿರಾಮ ಅವರೇ, ನಿಮ್ಮ ಮೂರು ತೊಡಕುಗಳ ಬೇರು ಒಂದೇ. ನಿಮ್ಮ ಬರಹಗಳಿಗೆ ನಾಲ್ಕು ಪ್ರತಿಗಳಿವೆ, ಆದರೆ ಅವುಗಳಲ್ಲಿ ಮೂಲ ಯಾವುದು ಎಂಬುದು ಓದುಗರಿಗೂ ಗೊತ್ತಿಲ್ಲ, ಗೂಗಲ್‌ಗೂ ಗೊತ್ತಿಲ್ಲ. ಸಂಪಾದಕರು ಕೇಳಿದಾಗ ತಡಕಾಡಿದ ನಿಮಗೂ ಸ್ಪಷ್ಟವಿರಲಿಲ್ಲ ಎಂದರೆ ತಪ್ಪು ತಿಳಿಯಬೇಡಿ.

ದಂಡದ ವಿಷಯವನ್ನು ಮೊದಲು ಮುಗಿಸುತ್ತೇನೆ. ಮೋಸದ ಉದ್ದೇಶವಿಲ್ಲದ ನಕಲು ಪಠ್ಯಕ್ಕೆ ದಂಡವೆಂಬುದಿಲ್ಲ ಎಂದು ಗೂಗಲ್ 2008ರಷ್ಟು ಹಿಂದೆಯೇ ಸ್ಪಷ್ಟಪಡಿಸಿದೆ. ನಡೆಯುವುದು ಇಷ್ಟು: ಒಂದೇ ಪಠ್ಯದ ಹಲವು ಪುಟಗಳು ಸಿಕ್ಕಾಗ ಅದು ಅವನ್ನು ಒಂದು ಗುಂಪಾಗಿಸಿ, ಅವುಗಳಲ್ಲಿ ಒಂದನ್ನು ಮಾತ್ರ ಪ್ರತಿನಿಧಿಯೆಂದು ಆರಿಸಿಕೊಂಡು ಫಲಿತಾಂಶದಲ್ಲಿ ತೋರಿಸುತ್ತದೆ. ದೊಡ್ಡ ವೇದಿಕೆಯ ಪುಟವನ್ನೂ ನಿಮ್ಮ ಸಣ್ಣ ಬ್ಲಾಗಿನ ಪುಟವನ್ನೂ ಅರ್ಧ ಗಂಟೆಯ ಅಂತರದಲ್ಲಿ ಅದರ ಮುಂದಿಟ್ಟರೆ ಅದು ಯಾವುದನ್ನು ಆರಿಸಿಕೊಳ್ಳುತ್ತದೆ ಎಂಬುದನ್ನು ನೀವೇ ಕಂಡಿದ್ದೀರಿ. ಪರಿಣಾಮ ದಂಡದಂತೆಯೇ ಕಾಣುತ್ತದೆ, ಆದರೆ ಕಾರಣ ಬೇರೆ. ಕಾರಣ ಬೇರೆಯಾದ್ದರಿಂದ ಪರಿಹಾರವೂ ಬೇರೆ.

ಆ ಪರಿಹಾರದ ಹೆಸರು ಕೆನಾನಿಕಲ್ ಟ್ಯಾಗ್. 2009ರ ಫೆಬ್ರುವರಿಯಲ್ಲಿ ಗೂಗಲ್, ಯಾಹೂ ಮತ್ತು ಮೈಕ್ರೋಸಾಫ್ಟ್ ಮೂರೂ ಒಟ್ಟಾಗಿ ಇದನ್ನು ಒಪ್ಪಿಕೊಂಡವು. ಪುಟದ ತಲೆಭಾಗದಲ್ಲಿ ಓದುಗರ ಕಣ್ಣಿಗೆ ಬೀಳದಂತೆ ಕೂರುವ ಒಂದು ಸಾಲು ಇದು. ‘ಈ ಪಠ್ಯದ ಮೂಲ ವಿಳಾಸ ಇಂಥದ್ದು’ ಎಂಬುದಷ್ಟೇ ಅದರ ತಾತ್ಪರ್ಯ. ಮೀಡಿಯಂ ಎಂಬ ಬರಹ ವೇದಿಕೆಯಲ್ಲಿ ಬರಹವನ್ನು ಅಂಟಿಸುವ ಬದಲು ಇಂಪೋರ್ಟ್ ಸೌಲಭ್ಯದ ಮೂಲಕ ತಂದರೆ ಈ ಸಾಲು ತಾನಾಗಿಯೇ ಸೇರಿಕೊಳ್ಳುತ್ತದೆ, ಪ್ರಕಟಣೆಯ ದಿನಾಂಕವೂ ಮೂಲದ್ದೇ ಉಳಿಯುತ್ತದೆ. ಈಗಾಗಲೇ ಅಂಟಿಸಿರುವ ಬರಹಗಳಿಗಾದರೆ ಪ್ರತಿಯೊಂದರ ಸೆಟ್ಟಿಂಗ್ಸ್‌ಗೆ ಹೋಗಿ ಕೆನಾನಿಕಲ್ ಲಿಂಕ್ ಎಂಬ ಜಾಗದಲ್ಲಿ ನಿಮ್ಮ ಬ್ಲಾಗಿನ ವಿಳಾಸವನ್ನು ಕೈಯಾರೆ ತುಂಬಬಹುದು. ಬೇಸರದ ಕೆಲಸ, ಆದರೆ ಒಂದೇ ಸಲದ ಕೆಲಸ.

ಇಲ್ಲಿ ಒಂದು ಎಚ್ಚರಿಕೆಯಿದೆ. ಗೂಗಲ್ ಈ ಟ್ಯಾಗನ್ನು ಸೂಚನೆಯೆಂದು ಓದುತ್ತದೆಯೇ ಹೊರತು ಆಜ್ಞೆಯೆಂದಲ್ಲ. ಬೇರೆ ತಾಣಗಳಿಗೆ ಮರುಪ್ರಕಟಣೆಗೆ ಕೊಟ್ಟ ಬರಹಗಳ ವಿಷಯದಲ್ಲಂತೂ ಕೆನಾನಿಕಲ್ ಟ್ಯಾಗನ್ನು ನೆಚ್ಚಿಕೊಳ್ಳುವುದಕ್ಕಿಂತ ಆ ಪ್ರತಿ ಹುಡುಕಾಟದಲ್ಲಿ ಬಾರದಂತೆ ನೋಇಂಡೆಕ್ಸ್ ಮಾಡಿಸುವುದೇ ಹೆಚ್ಚು ಪರಿಣಾಮಕಾರಿ ಎಂದು 2023ರಲ್ಲಿ ಅದು ತನ್ನ ಸಲಹೆಯನ್ನು ಬದಲಿಸಿತು. ಆದರೆ ನೋಇಂಡೆಕ್ಸ್ ಮಾಡುವ ಅಧಿಕಾರ ಆ ತಾಣ ನಡೆಸುವವರ ಕೈಯಲ್ಲಿರುವುದರಿಂದ ನಮ್ಮಂಥವರಿಗೆ ಉಳಿಯುವ ಸಾಧನ ಸಮಯವೊಂದೇ. ಬ್ಲಾಗಿನಲ್ಲಿ ಪ್ರಕಟಿಸಿ, ಆ ಪುಟ ಗೂಗಲ್‌ನಲ್ಲಿ ದಾಖಲಾಗಿದೆಯೇ ಎಂಬುದನ್ನು ಗೂಗಲ್‌ನ ಉಚಿತ ಉಪಕರಣವಾದ ಸರ್ಚ್ ಕನ್ಸೋಲ್‌ನಲ್ಲಿ ನೋಡಿಕೊಂಡು, ಅನಂತರವೇ ಉಳಿದೆಡೆಗೆ ಕಳಿಸಿ. ನಾನು ಒಂದು ವಾರ ಕಾಯುತ್ತೇನೆ. ಆ ವಾರದಲ್ಲಿ ಮೂಲ ಪ್ರತಿಯ ಕಾಗುಣಿತದ ತಪ್ಪುಗಳೂ ಹೊರಬಿದ್ದಿರುತ್ತವೆ ಎಂಬುದು ಅದರ ಇನ್ನೊಂದು ಲಾಭ.

ಈ ಕ್ರಮ ನನ್ನ ಶೋಧವೇನಲ್ಲ. ಮೊದಲು ಸ್ವಂತ ತಾಣದಲ್ಲಿ ಪ್ರಕಟಣೆ, ಆಮೇಲೆ ಬೇರೆಡೆ ವಿತರಣೆ ಎಂಬ ಈ ಪದ್ಧತಿಯನ್ನು ಇಂಡೀವೆಬ್ ಬಳಗದವರು ‘ಪಾಸಿ’ (POSSE: Publish on your Own Site, Syndicate Elsewhere) ಎಂದು ಕರೆಯುತ್ತಾರೆ. ಮೂಲ ಪ್ರತಿ ಸ್ವಂತ ವಿಳಾಸದಲ್ಲಿರಬೇಕೆಂಬ ಹಟ ಅವರಿಗೇಕೆ ಎಂಬುದಕ್ಕೆ ಅಂತರ್ಜಾಲದ ಇತಿಹಾಸವೇ ಉತ್ತರ ಹೇಳುತ್ತದೆ: ಜಿಯೋಸಿಟೀಸ್ 2009ರಲ್ಲಿ, ಪೋಸ್ಟರಸ್ 2013ರಲ್ಲಿ, ಆರ್ಕುಟ್ 2014ರಲ್ಲಿ, ಸಾಮಾನ್ಯ ಬಳಕೆದಾರರ ಗೂಗಲ್ ಪ್ಲಸ್ 2019ರಲ್ಲಿ ಬಾಗಿಲು ಹಾಕಿದವು. ಬರಹದ ಪ್ರತಿ ಅಲ್ಲಿ ಮಾತ್ರ ಇದ್ದವರು ಗಡುವಿನೊಳಗೆ ಇಳಿಸಿಕೊಳ್ಳಲು ಓಡಾಡಬೇಕಾಯಿತು. ಸ್ವಂತ ತಾಣದಲ್ಲಿ ಮೂಲ ಇಟ್ಟುಕೊಂಡವರು ಕಳೆದುಕೊಂಡದ್ದು ಒಂದು ಕೊಂಡಿಯನ್ನು ಮಾತ್ರ.

ಕರಡುಪ್ರತಿ

ಹಳೆಯ ಕಡತ ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ, ಆದರೆ ಅವರು ಬರಹವನ್ನು ಕಾಪಾಡುವ ಬಗ್ಗೆ ಹೇಳಿದರು. ಓದಿಸುವ ಬಗ್ಗೆ ನಾನು ಸ್ವಲ್ಪ ತಕರಾರು ತೆಗೆಯುತ್ತೇನೆ.

ಒಂದೇ ಪಠ್ಯವನ್ನು ನಾಲ್ಕು ಕಡೆ ಅಂಟಿಸುವುದು ಹಂಚಿಕೆಯಲ್ಲ, ಅದು ನಕಲು. ಫೇಸ್‌ಬುಕ್ಕಿನಲ್ಲಿ ಬೆರಳು ಸರಿಸುತ್ತ ಹೋಗುವವರ ಓದಿಗೂ ಇಮೇಲ್ ತೆರೆದು ಕುಳಿತವರ ಓದಿಗೂ ಇರುವ ವ್ಯತ್ಯಾಸ ದೊಡ್ಡದು, ವೇದಿಕೆಗಳ ಮಿತಿಗಳೂ ಬೇರೆಬೇರೆ. ಲಿಂಕ್ಡ್‌ಇನ್ ಪೋಸ್ಟಿಗೆ 3,000 ಅಕ್ಷರಗಳ ಮಿತಿಯಿದೆ, ಇನ್‌ಸ್ಟಾಗ್ರಾಂನ ಶೀರ್ಷಿಕೆ ಟಿಪ್ಪಣಿಗೆ 2,200. ಅಲ್ಲಿ ಕೊಂಡಿ ಅಂಟಿಸಿದರೂ ಅದನ್ನು ಒತ್ತಲಾಗುವುದಿಲ್ಲ. ಹಣ ಕೊಡದ ಎಕ್ಸ್ (ಹಿಂದಿನ ಟ್ವಿಟರ್) ಖಾತೆಗೆ 280, ಅದರಲ್ಲಿ ಕೊಂಡಿ ಎಷ್ಟೇ ಉದ್ದವಿದ್ದರೂ 23 ಅಕ್ಷರಗಳೆಂದೇ ಲೆಕ್ಕ.

ಈ ಲೆಕ್ಕದಲ್ಲಿ ಕನ್ನಡದವರಿಗೆ ಒಂದು ವಿಶೇಷ ನಷ್ಟವಿದೆ, ಅದನ್ನು ಹೆಚ್ಚಿನವರು ಗಮನಿಸಿರುವುದಿಲ್ಲ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಸ, ಹಲಂತ, ತ, ಹಲಂತ, ರ, ಈ-ಕಾರದ ಗುಣಿತಚಿಹ್ನೆ ಎಂದು ಆರು ಸಂಕೇತಗಳಾಗಿ ಕೂರುತ್ತದೆ, ಎಕ್ಸ್ ಎಣಿಸುವುದು ಆ ಆರನ್ನು. ಒತ್ತಕ್ಷರ, ಗುಣಿತಗಳು ದಟ್ಟವಾಗಿರುವ ನಮ್ಮ ಬರವಣಿಗೆಯಲ್ಲಿ 280 ಎಂಬುದು ನಾವು ಅಂದುಕೊಂಡದ್ದಕ್ಕಿಂತ ಬೇಗ ಮುಗಿದುಹೋಗುತ್ತದೆ. ಬ್ಲಾಗಿನ ಮೊದಲ ಪ್ಯಾರಾವನ್ನು ಹಾಗೆಯೇ ಕತ್ತರಿಸಿ ಹಾಕಿದರೆ ವಾಕ್ಯ ನಡುವೆಯೇ ತುಂಡಾಗುವುದು ಇದೇ ಕಾರಣಕ್ಕೆ.

ಆದ್ದರಿಂದ ನಾನು ಅನುಸರಿಸುವ ದಾರಿ ಬೇರೆ. ಇಡೀ ಬರಹ ಬ್ಲಾಗಿನಲ್ಲಿ ಮತ್ತು ಚಂದಾದಾರರ ಇಮೇಲಿನಲ್ಲಿ ಮಾತ್ರ ಇರುತ್ತದೆ. ಉಳಿದ ಪ್ರತಿಯೊಂದು ಕಡೆಗೂ ಆ ಬರಹದಿಂದ ಸ್ವತಂತ್ರವಾಗಿ ನಿಲ್ಲಬಲ್ಲ ಒಂದು ತುಣುಕನ್ನು ಹೊಸದಾಗಿ ಬರೆಯುತ್ತೇನೆ. ‘ಹೊಸ ಲೇಖನ ಪ್ರಕಟವಾಗಿದೆ, ದಯವಿಟ್ಟು ಓದಿ’ ಎಂಬ ಸಾಲನ್ನು ನಾನೂ ವರ್ಷಗಟ್ಟಲೆ ಹಾಕಿ ನೋಡಿದ್ದೇನೆ, ಅದರಿಂದ ಬಂದವರು ಹೇಗಿದ್ದರೂ ಬರುತ್ತಿದ್ದ ಗೆಳೆಯರೇ. ಅದೇ ಲೇಖನದ ನಡುವಿನಿಂದ ಒಂದು ಘಟನೆಯನ್ನು ಎತ್ತಿಕೊಂಡು, ಅದನ್ನು ಅಲ್ಲಿಯೇ ಪೂರ್ತಿ ಹೇಳಿ ಮುಗಿಸಿ, ಕೆಳಗೆ ಕೊಂಡಿ ಕೊಟ್ಟಾಗ ಅಪರಿಚಿತರೂ ಬಂದರು. ಕೊಂಡಿಯನ್ನು ಒತ್ತದವರಿಗೂ ಒಂದು ಪೂರ್ಣ ತುಣುಕು ದಕ್ಕಿರುತ್ತದೆ, ಅರ್ಧಕ್ಕೆ ನಿಲ್ಲಿಸಿ ಕಾಡಿಸಿದರೆಂಬ ಬೇಸರ ಅವರಿಗಿರುವುದಿಲ್ಲ. ಇಂಥ ತುಣುಕಿಗೆ ನಲವತ್ತು ನಿಮಿಷ ಬೇಕಾಗುತ್ತದೆ, ನಿಜ. ಹಾಗಾಗಿ ಎಲ್ಲ ವೇದಿಕೆಗಳಲ್ಲೂ ಇರುವ ಹಂಬಲವನ್ನು ಬಿಟ್ಟು ಎರಡನ್ನು ಮಾತ್ರ ಉಳಿಸಿಕೊಂಡೆ.

ಕೊಂಡಿಯ ಜೊತೆ ಕಾಣುವ ಮುನ್ನೋಟದ ಬಗ್ಗೆಯೂ ಒಂದು ಮಾತು. ವಾಟ್ಸಾಪ್‌ನಲ್ಲೋ ಫೇಸ್‌ಬುಕ್ಕಿನಲ್ಲೋ ಕೊಂಡಿ ಹಾಕಿದಾಗ ಮೂಡುವ ಚಿತ್ರ, ಶೀರ್ಷಿಕೆ ಮತ್ತು ಎರಡು ಸಾಲಿನ ವಿವರಣೆ ನಿಮ್ಮ ಪುಟದ ಓಪನ್ ಗ್ರಾಫ್ ಟ್ಯಾಗ್‌ಗಳಿಂದ ಬರುತ್ತವೆ. ಫೇಸ್‌ಬುಕ್ 2010ರಲ್ಲಿ ಹೊರತಂದ ಈ ಪದ್ಧತಿಯನ್ನು ಈಗ ಬಹುತೇಕ ಎಲ್ಲರೂ ಓದುತ್ತಾರೆ. ಅವನ್ನು ತುಂಬದೆ ಬಿಟ್ಟರೆ ಯಂತ್ರ ತನಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತದೆ. ನನ್ನ ಒಂದು ಗಂಭೀರ ಶ್ರದ್ಧಾಂಜಲಿ ಬರಹದ ಮುನ್ನೋಟದಲ್ಲಿ ಪುಟದ ಅಂಚಿನಲ್ಲಿದ್ದ ನಗುಮುಖದ ಚಿತ್ರ ಮೂಡಿ ಎರಡು ದಿನ ಹಾಗೆಯೇ ಓಡಾಡಿತು. ಚಿತ್ರ 1200ಕ್ಕೆ 630 ಪಿಕ್ಸೆಲ್ ಅಳತೆಯಲ್ಲಿರಲಿ. ಹಂಚಿದ ಮೇಲೆ ಟ್ಯಾಗ್ ಬದಲಿಸಿದರೆ ಹಳೆಯ ಮುನ್ನೋಟವೇ ಸಂಗ್ರಹದಲ್ಲಿ ಉಳಿದಿರುತ್ತದೆಯಾದ್ದರಿಂದ ಫೇಸ್‌ಬುಕ್ಕಿನ ಶೇರಿಂಗ್ ಡೀಬಗರ್ ಎಂಬ ಉಪಕರಣದಲ್ಲಿ ವಿಳಾಸವನ್ನು ಹಾಕಿ ಮತ್ತೊಮ್ಮೆ ಓದಿಸಬೇಕು.

ತಾನಾಗಿ ಹಂಚುವ ಪ್ಲಗಿನ್‌ಗಳ ಮೇಲೆ ಪೂರ್ತಿ ಭಾರ ಹಾಕಬೇಡಿ ಎಂಬುದನ್ನೂ ಸೇರಿಸುತ್ತೇನೆ. 2023ರಲ್ಲಿ ಟ್ವಿಟರ್ ತನ್ನ ಎಪಿಐ (ಬೇರೆ ತಂತ್ರಾಂಶಗಳು ಅದರೊಡನೆ ಬೆಸೆದುಕೊಳ್ಳುವ ದಾರಿ) ದರವನ್ನು ಬದಲಿಸಿದಾಗ ವರ್ಡ್‌ಪ್ರೆಸ್ ಡಾಟ್ ಕಾಂ ಅಲ್ಲಿಗೆ ತಾನಾಗಿ ಹಂಚುವ ಸೌಲಭ್ಯವನ್ನೇ ಕೈಬಿಟ್ಟಿತು.

ಹಾಳೆಯಂಚು

ಪುಸ್ತಕದ ಪ್ರಶ್ನೆಗೆ ಯಾರೂ ಕೈಹಾಕದಿರುವುದರಿಂದ ನಾನು ಬರೆಯುತ್ತಿದ್ದೇನೆ. ಹಕ್ಕುಗಳ ವ್ಯವಹಾರದಲ್ಲಿ ಪೆಟ್ಟು ತಿಂದು ಕಲಿತವನು ನಾನು.

ಬರಹದ ಹಕ್ಕುಸ್ವಾಮ್ಯ ಬರೆದ ಕ್ಷಣದಿಂದಲೇ ಲೇಖಕರದ್ದು. 1886ರ ಬರ್ನ್ ಒಪ್ಪಂದದ ಹಾದಿಯಲ್ಲಿರುವ ಎಲ್ಲ ದೇಶಗಳಲ್ಲೂ ಇದಕ್ಕೆ ನೋಂದಣಿಯ ಅಗತ್ಯವಿಲ್ಲ. ವೇದಿಕೆಯಲ್ಲಿ ಹಾಕಿದ ಮಾತ್ರಕ್ಕೆ ಅದು ಅವರದ್ದಾಗುವುದಿಲ್ಲ. ಖಾತೆ ತೆರೆಯುವಾಗ ನಾವು ಓದದೆ ಒಪ್ಪಿಕೊಳ್ಳುವ ನಿಯಮಗಳಲ್ಲಿ ಸಾಮಾನ್ಯವಾಗಿ ಇರುವುದು ಏಕಮಾತ್ರವಲ್ಲದ (ನಾನ್-ಎಕ್ಸ್‌ಕ್ಲೂಸಿವ್), ಜಗತ್ತಿನಾದ್ಯಂತ ಅನ್ವಯಿಸುವ, ಸಂಭಾವನೆಯಿಲ್ಲದ ಪರವಾನಗಿ. ಅಂದರೆ ಅವರು ತೋರಿಸಬಹುದು, ನಕಲಿಸಬಹುದು. ನೀವೂ ಬೇರೆಯವರಿಗೆ ಕೊಡಬಹುದು. ನೀವು ನೋಡಬೇಕಾದ ಪದ ‘ಏಕಮಾತ್ರ’ ಎಂಬುದು. ಅದು ಇದೆಯೇ ಇಲ್ಲವೇ ಎಂಬುದರ ಮೇಲೆ ಉಳಿದೆಲ್ಲವೂ ನಿಂತಿದೆ.

ಸಂಪಾದಕರು ಪಟ್ಟಿ ಕೇಳಿದ್ದಕ್ಕೆ ಕಾರಣ ಪ್ರಥಮ ಪ್ರಕಟಣೆಯ ಹಕ್ಕು. ಅದನ್ನು ಒಮ್ಮೆ ಮಾತ್ರ ಕೊಡಲು ಸಾಧ್ಯ, ಬ್ಲಾಗಿನಲ್ಲಿ ಹಾಕಿದ ದಿನವೇ ನೀವು ಅದನ್ನು ಬಳಸಿಬಿಟ್ಟಿರುತ್ತೀರಿ. ಅನೇಕ ಸಾಹಿತ್ಯ ಪತ್ರಿಕೆಗಳು ಬ್ಲಾಗಿನಲ್ಲಿ ಬಂದ ಕತೆಯನ್ನು ಪ್ರಕಟಿತ ಎಂದೇ ಪರಿಗಣಿಸುತ್ತವೆ, ಓದಿದವರು ಹತ್ತೇ ಮಂದಿಯಿದ್ದರೂ ಸರಿ. ನನ್ನ ಒಂದು ಕತೆಯನ್ನು ಪತ್ರಿಕೆಯೊಂದು ಸ್ವೀಕರಿಸಿ, ಪುಟ ವಿನ್ಯಾಸವೂ ಆದ ಮೇಲೆ ಹಿಂತಿರುಗಿಸಿತು. ಎರಡು ವರ್ಷ ಹಿಂದೆ ನಾನೇ ಹಾಕಿ ಮರೆತಿದ್ದ ಅದರ ಮೊದಲ ಕರಡು ಯಾವುದೋ ವೇದಿಕೆಯಲ್ಲಿ ಅವರಿಗೆ ಸಿಕ್ಕಿತ್ತು. ತಪ್ಪು ಅವರದ್ದಲ್ಲ. ಅಂದಿನಿಂದ ಪತ್ರಿಕೆಗಳಿಗೆ ಕಳಿಸುವ ಉದ್ದೇಶವಿರುವ ಕತೆಗಳನ್ನು ನಾನು ಎಲ್ಲಿಯೂ ಹಾಕುವುದಿಲ್ಲ, ಚಂದಾದಾರರ ಇಮೇಲಿನಲ್ಲೂ ಕಳಿಸುವುದಿಲ್ಲ.

ಪ್ರಬಂಧ ಸಂಕಲನಗಳ ವಿಷಯದಲ್ಲಿ ಪ್ರಕಾಶಕರು ಇಷ್ಟು ಬಿಗಿಯಾಗಿರುವುದಿಲ್ಲ. ಅವರಿಗೆ ಬೇಕಾಗಿರುವುದು ಹಿಂದಿನ ಪ್ರಕಟಣೆಯ ವಿವರ, ಬೇರೆ ಯಾರಿಗೂ ಏಕಮಾತ್ರ ಹಕ್ಕು ಕೊಟ್ಟಿಲ್ಲವೆಂಬ ಖಾತರಿ, ಪುಸ್ತಕ ಬಂದ ಮೇಲೆ ಬ್ಲಾಗಿನ ಪ್ರತಿಗಳನ್ನು ಏನು ಮಾಡಬೇಕೆಂಬುದರ ಬಗ್ಗೆ ಒಂದು ಒಪ್ಪಂದ. ಕೊನೆಯದನ್ನು ಬಾಯಿಮಾತಿನಲ್ಲಿ ಬಿಡದೆ ಕರಾರಿನಲ್ಲೇ ಬರೆಸಿ. ನೆನಪಿಡಿ, ತೆಗೆಯಿರಿ ಎಂದು ಅವರು ಹೇಳಿದರೆ ನೀವು ತೆಗೆಯಬೇಕಾಗುವುದು ಒಂದು ಕಡೆಯಿಂದಲ್ಲ, ನಾಲ್ಕು ಕಡೆಗಳಿಂದ.

ಸ್ವತಃ ಇ-ಪುಸ್ತಕ ಮಾಡಿ ಅಮೆಜಾನ್‌ನ ಕೆಡಿಪಿ ಸೆಲೆಕ್ಟ್ (ಇ-ಪುಸ್ತಕವನ್ನು ಅಲ್ಲಿ ಮಾತ್ರ ಮಾರುವ) ಯೋಜನೆಗೆ ಸೇರಿಸುವ ಲೇಖಕರಿಗಂತೂ ಈ ಎಚ್ಚರ ಇನ್ನೂ ಹೆಚ್ಚು ಬೇಕು. 90 ದಿನಗಳ ಆ ಅವಧಿಯಲ್ಲಿ ಪುಸ್ತಕದ ಡಿಜಿಟಲ್ ರೂಪ ಬೇರೆಲ್ಲಿಯೂ ಇರಕೂಡದು, ಲೇಖಕರ ಸ್ವಂತ ಬ್ಲಾಗಿನಲ್ಲೂ ಇರಕೂಡದು. ಮಾದರಿಯಾಗಿ ಶೇಕಡಾ 10ರವರೆಗೆ ಮಾತ್ರ ಹೊರಗಿಡಬಹುದು. ಮುದ್ರಿತ ಪ್ರತಿಗೆ ಈ ನಿರ್ಬಂಧವಿಲ್ಲ. ಅವಧಿ ಮುಗಿದಾಗ ತಾನಾಗಿಯೇ ನವೀಕರಣವಾಗುವ ಆಯ್ಕೆಯನ್ನು ತೆಗೆಯಲು ಮರೆತು ಬರಹಗಳನ್ನು ಬ್ಲಾಗಿಗೆ ಮರಳಿ ಹಾಕಿದವರು ನಿಯಮ ಮುರಿದಂತಾಗುತ್ತದೆ.

ಪಟ್ಟಿಯ ಕೆಲಸ ಸುಲಭ. ಒಂದು ಎಕ್ಸೆಲ್ ಹಾಳೆಯಲ್ಲಿ ಶೀರ್ಷಿಕೆ, ಮೂಲದ ವಿಳಾಸ, ಮೊದಲು ಪ್ರಕಟವಾದ ದಿನ, ಯಾವ ಯಾವ ಕಡೆ ಇಡಿಯಾಗಿದೆ, ಎಲ್ಲಿ ತುಣುಕು ಮಾತ್ರ ಇದೆ, ಕೊನೆಯ ತಿದ್ದುಪಡಿ ಯಾವಾಗ ಎಂಬಿಷ್ಟು ಕಾಲಂಗಳಿರಲಿ. ನಿಮ್ಮ ಇಸವಿಯ ತೊಡಕಿಗೂ ಇದೇ ಮದ್ದು, ಏಕೆಂದರೆ ಎಲ್ಲೆಲ್ಲಿ ತಿದ್ದಬೇಕೆಂಬುದು ಆಗ ಕಣ್ಣೆದುರೇ ಇರುತ್ತದೆ.

ಅರ್ಧವಿರಾಮ

ಮೂವರಿಗೂ ಕೃತಜ್ಞತೆಗಳು. ಇಷ್ಟು ವಿವರವಾದ ಉತ್ತರಗಳನ್ನು ನಾನು ನಿರೀಕ್ಷಿಸಿರಲಿಲ್ಲ. ಇನ್ನೆರಡು ಸಣ್ಣ ಸಂದೇಹಗಳಿವೆ. ನನ್ನ ಪುಟಗಳ ವಿಳಾಸದಲ್ಲಿ ಶೀರ್ಷಿಕೆ ಕನ್ನಡದಲ್ಲೇ ಇದೆ, ಬ್ರೌಸರ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ನಕಲಿಸಿ ಇಮೇಲಿಗೆ ಅಂಟಿಸಿದರೆ ಶೇಕಡಾ ಚಿಹ್ನೆಗಳ ಮೂರು ಸಾಲಿನ ರಾಶಿಯಾಗುತ್ತದೆ, ಕೆಲವೊಮ್ಮೆ ನಡುವೆ ಮುರಿದು ಕೊಂಡಿಯೇ ಕೆಲಸ ಮಾಡುವುದಿಲ್ಲ. ಇದನ್ನು ಬದಲಿಸಿದರೆ ಹಳೆಯ ಕೊಂಡಿಗಳ ಗತಿಯೇನು? ಹಾಗೆಯೇ ಸಬ್‌ಸ್ಟ್ಯಾಕ್‌ನಂಥ ಇಮೇಲ್ ಪತ್ರಿಕೆಯ ವೇದಿಕೆಗಳಲ್ಲಿ ಇಡೀ ಬರಹವನ್ನು ಹಾಕುವುದು ಕರಡುಪ್ರತಿ ಅವರು ಹೇಳಿದ ಇಮೇಲಿನ ಲೆಕ್ಕಕ್ಕೆ ಸೇರುತ್ತದೆಯೋ ಮರುಪ್ರಕಟಣೆಯ ಲೆಕ್ಕಕ್ಕೋ?

ಹಳೆಯ ಕಡತ

ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8 ಎಂಬ ಸಂಗ್ರಹ ಪದ್ಧತಿಯಲ್ಲಿ ಮೂರು ಬೈಟ್, ವಿಳಾಸದಲ್ಲಿ ಒಂದೊಂದು ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ. ಹಾಗಾಗಿ ‘ಬರಹ’ ಎಂಬ ಮೂರಕ್ಷರದ ಪದ ವಿಳಾಸದಲ್ಲಿ 27 ಅಕ್ಷರಗಳಾಗುತ್ತದೆ, ಕರಡುಪ್ರತಿ ಅವರ ‘ಸ್ತ್ರೀ’ 54. ಇನ್ನು ಮುಂದಿನ ಬರಹಗಳಿಗೆ ಲ್ಯಾಟಿನ್ ಲಿಪಿಯಲ್ಲಿ ಎರಡು ಮೂರು ಪದಗಳ ಚಿಕ್ಕ ವಿಳಾಸ ಕೊಡಿ. ಭಾಷಾಭಿಮಾನಕ್ಕೆ ಇದರಿಂದ ಧಕ್ಕೆಯೇನೂ ಇಲ್ಲ, ಶೀರ್ಷಿಕೆ ಕನ್ನಡದಲ್ಲೇ ಇರುತ್ತದೆ. ಹಳೆಯವನ್ನು ಸುಮ್ಮನೆ ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯ ವಿಳಾಸದಿಂದ ಹೊಸದಕ್ಕೆ 301 ಎಂಬ ಶಾಶ್ವತ ಮರುನಿರ್ದೇಶನವನ್ನು ಹಾಕಿ. ಇಲ್ಲವಾದರೆ ಎಲ್ಲ ವೇದಿಕೆಗಳಲ್ಲಿ ಹರಡಿರುವ ನಿಮ್ಮ ಕೊಂಡಿಗಳು ಒಂದೇ ಏಟಿಗೆ ಸತ್ತುಹೋಗುತ್ತವೆ, ಕೆನಾನಿಕಲ್ ಟ್ಯಾಗ್‌ಗಳು ಕೂಡ ಅಸ್ತಿತ್ವದಲ್ಲೇ ಇಲ್ಲದ ಪುಟವನ್ನು ತೋರಿಸುತ್ತ ನಿಲ್ಲುತ್ತವೆ.

ಕರಡುಪ್ರತಿ

ಸಬ್‌ಸ್ಟ್ಯಾಕ್ ಎರಡೂ ಹೌದು. ಇಮೇಲಾಗಿ ಹೋಗುವ ಬರಹ ಅದೇ ಹೊತ್ತಿಗೆ ಅವರ ತಾಣದಲ್ಲಿ ಒಂದು ಪುಟವಾಗಿಯೂ ನಿಲ್ಲುತ್ತದೆ, ಆದ್ದರಿಂದ ನಿಮ್ಮ ಎಕ್ಸೆಲ್ ಹಾಳೆಯಲ್ಲಿ ಅದನ್ನು ಪೂರ್ಣ ಪ್ರತಿಯೆಂದೇ ಬರೆಯಿರಿ. ಅಲ್ಲಿನ ದೊಡ್ಡ ಅನುಕೂಲವೆಂದರೆ ಚಂದಾದಾರರ ಇಮೇಲ್ ಪಟ್ಟಿಯನ್ನು ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸರಳ ಪಟ್ಟಿ) ಕಡತವಾಗಿ ಇಳಿಸಿಕೊಳ್ಳಬಹುದು. ಫೇಸ್‌ಬುಕ್ಕಿನಲ್ಲಿ ನಿಮ್ಮನ್ನು ಅನುಸರಿಸುವವರ ಇಮೇಲ್ ಪಟ್ಟಿ ಹೀಗೆ ನಿಮ್ಮ ಕೈಗೆ ಸಿಗುವುದಿಲ್ಲ. ನಾನು ತಿಂಗಳಿಗೊಮ್ಮೆ ಆ ಕಡತವನ್ನು ಇಳಿಸಿಕೊಂಡು ಬರಹಗಳ ಬ್ಯಾಕಪ್ ಜೊತೆಗೇ ಇಡುತ್ತೇನೆ.

ಅರ್ಧವಿರಾಮ

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಹಾಳೆ ಸಿದ್ಧವಾಗಿ ಸಂಪಾದಕರಿಗೂ ಹೋಯಿತು. 31ರಲ್ಲಿ 22 ಪ್ರಬಂಧಗಳಿಗೆ ಬ್ಲಾಗಿನ ಹೊರಗೂ ಪೂರ್ಣ ಪ್ರತಿಗಳು ಇದ್ದವು, ಒಂದಕ್ಕಂತೂ ನಾನೇ ಮರೆತಿದ್ದ ಐದನೆಯ ಪ್ರತಿ ಸಿಕ್ಕಿತು. ಮೀಡಿಯಂನಲ್ಲಿದ್ದ ಎಲ್ಲಕ್ಕೂ ಕೆನಾನಿಕಲ್ ಲಿಂಕ್ ತುಂಬಿದ್ದೇನೆ. ಫೇಸ್‌ಬುಕ್ಕಿನ ಇಡೀ ಬರಹಗಳನ್ನು ತೆಗೆದು ಅವುಗಳ ಜಾಗದಲ್ಲಿ ತುಣುಕುಗಳನ್ನು ಬರೆಯಲು ತೊಡಗಿದ್ದೇನೆ, ಇನ್ನೂ ನಾಲ್ಕೇ ಆಗಿವೆ. ನಲವತ್ತು ನಿಮಿಷ ಎಂದದ್ದು ಅನುಭವಸ್ಥರ ಲೆಕ್ಕವಿರಬೇಕು, ನನಗೆ ಒಂದೂವರೆ ಗಂಟೆ ಹಿಡಿಯುತ್ತಿದೆ. ಇಸವಿ ತಪ್ಪಿದ್ದ ಪ್ರಬಂಧದ ಮೂರು ಪ್ರತಿಗಳನ್ನು ತಿದ್ದಿದ್ದಾಯಿತು. ನಾಲ್ಕನೆಯದು ನಾನು ಬಳಸುವುದನ್ನೇ ಬಿಟ್ಟಿರುವ ಖಾತೆಯಲ್ಲಿದೆ, ಅದರ ಪಾಸ್‌ವರ್ಡ್ ಹೋಗುವುದು ಈಗ ಇಲ್ಲದ ಇಮೇಲ್ ವಿಳಾಸಕ್ಕೆ. ಸದ್ಯಕ್ಕೆ ಅದರ ಕೆಳಗೆ ಬೇರೆ ಖಾತೆಯಿಂದ, ಇಸವಿ ತಪ್ಪಾಗಿದೆ, ತಿದ್ದಿದ ಪ್ರತಿ ಇಲ್ಲಿದೆ ಎಂದು ಕಾಮೆಂಟ್ ಹಾಕಿ ಬ್ಲಾಗಿನ ಕೊಂಡಿ ಕೊಟ್ಟಿದ್ದೇನೆ.